ರನ್ನನ ಅಜಿತಪುರಾಣದಲ್ಲಿ ಗೃಹಶಾಂತಿ

೧

ದಾನಚಿಂತಾಮಣಿ ಅತ್ತಿಮಬ್ಬೆಯ ವಿಷಯವಾಗಿ ಕನ್ನಡದಲ್ಲಿ ಬರೆಹಗಳು ಸಾಕಷ್ಟು ಬಂದಿವೆ. ಆಕೆ ಮಾಡಿಸಿದ ಜಿನಬಿಂಬಗಳೆಷ್ಟು, ಬರೆಯಿಸಿದ ಓಲೆಯ ಪ್ರತಿಗಳೆಷ್ಟು, ಕಟ್ಟಿಸಿದ ಬಸದಿಗಳಾವುವು ಎಂಬ ಲೆಕ್ಕವನ್ನು ವಿದ್ವಾಂಸರು ಬಹುವಾಗಿ ಪರಿಶೀಲಿಸಿರುವರು. ಈ ಲೆಕ್ಕವು ಅವಶ್ಯವಾದುದೇ ಸರಿ. ಆದರೆ ದಾನವೆಂಬುದು ಮನೆಯಿಂದ ಹೊರಡತಕ್ಕ ವಸ್ತು. ಯಾವ ಮನೆಯಿಂದ ಅದು ಹೊರಟಿತೋ ಆ ಮನೆಯು ಎಂತಹ ಕಾಲದಲ್ಲಿ, ಎಂತಹ ದುಃಖದ ನಡುವೆ, ಯಾರ ಕೈಯಿಂದ ನಿಂತಿತೆಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಅತ್ತಿಮಬ್ಬೆಯ ಬಿರುದು ಅಷ್ಟು ಪ್ರಕಾಶಮಾನವಾಗಿರುವುದರಿಂದ, ಆ ಬೆಳಕಿನಲ್ಲಿ ಆಕೆಯ ಮನೆಯೇ ಕಾಣದಂತಾಗಿದೆ ಎಂದರೂ ತಪ್ಪಾಗಲಾರದು.

ಅಜಿತಪುರಾಣವನ್ನು ಈ ದೃಷ್ಟಿಯಿಂದ ಓದಿದಾಗ ಕಾವ್ಯದ ಘಟನೆಯಲ್ಲಿಯೇ ಒಂದು ವಿಶೇಷವು ಗೋಚರಿಸುತ್ತದೆ. ಹನ್ನೆರಡು ಆಶ್ವಾಸಗಳ ಈ ಚಂಪುವು ಎರಡನೆಯ ತೀರ್ಥಂಕರನಾದ ಅಜಿತನಾಥನ ಚರಿತ್ರೆ. ಎಂದರೆ ಅರಮನೆಯನ್ನು ಬಿಟ್ಟು ಹೊರಟವನ ಕಥೆ. ಆದರೆ ಅದರ ಮೊದಲಲ್ಲಿಯೂ ಕೊನೆಯಲ್ಲಿಯೂ ಕವಿಯು ವಿಸ್ತಾರವಾಗಿ ಕೀರ್ತಿಸಿರುವುದು ಮನೆಯಲ್ಲಿ ಉಳಿದುಕೊಂಡ ಒಬ್ಬ ತಾಯಿಯನ್ನು. ಈ ಚೌಕಟ್ಟಿಗೂ ಚಿತ್ರಕ್ಕೂ ಇರುವ ಸಂಬಂಧವೇನೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಮನೆತನದ ವೃತ್ತಾಂತ. ಅತ್ತಿಮಬ್ಬೆಯ ಹಿರಿಯರು ವೆಂಗಿವಿಷಯದ ಕಮ್ಮೆನಾಡಿನವರು. ತಂದೆ ಮಲ್ಲಪಯ್ಯ, ಅವನ ತಮ್ಮ ಪುನ್ನಮಯ್ಯ. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣಾರ್ಥವಾಗಿ ಪೊನ್ನನಿಂದ ಶಾಂತಿಪುರಾಣವನ್ನು ಹೇಳಿಸಿದವರು ಈ ಸೋದರರೇ. ಪುನ್ನಮಯ್ಯನು ಕಾವೇರಿಯ ತೀರದ ಕಾಳಗದಲ್ಲಿ ಮಡಿದನು. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೈಹಿಡಿದವನು ಚಾಲುಕ್ಯಚಕ್ರವರ್ತಿ ಇಮ್ಮಡಿ ತೈಲಪನ ಮಂತ್ರಿಯಾದ ಧಲ್ಲಪನ ಮಗ, ಸೇನಾನಾಯಕ ನಾಗದೇವ. ಹೀಗೆ ತವರುಮನೆಯೂ ಗಂಡನ ಮನೆಯೂ ಕತ್ತಿಯ ಮನೆಗಳೇ. ರಾಷ್ಟ್ರಕೂಟರ ಆಳಿಕೆ ಮುರಿದುಬಿದ್ದು ೯೭೩ರಲ್ಲಿ ತೈಲಪನು ರಾಜ್ಯವನ್ನು ಕೈಕೊಂಡಂದಿನಿಂದ, ಪರಮಾರರೊಡನೆ ಉತ್ತರದಲ್ಲಿಯೂ ಚೋಳರೊಡನೆ ದಕ್ಷಿಣದಲ್ಲಿಯೂ ಯುದ್ಧವು ನಡೆಯುತ್ತಲೇ ಇದ್ದಿತು. ಇಂತಹ ಮನೆಗಳ ಹೆಂಗಸರಿಗೆ ಶಾಂತಿಯೆಂಬುದು ಎರಡು ದಂಡಯಾತ್ರೆಗಳ ನಡುವಣ ಬಿಡುವಾಗಿದ್ದಿರಬೇಕು.

ನಾಗದೇವನು ತೀರಿಕೊಂಡನು. ಗುಂಡಮಬ್ಬೆಯು ಅವನೊಡನೆ ಚಿತೆಯನ್ನೇರಿದಳು. ಅತ್ತಿಮಬ್ಬೆಯು ಏರಲಿಲ್ಲ. ಮಗ ಅಣ್ಣಿಗದೇವನನ್ನು ಸಾಕುವ ಹೊಣೆಯನ್ನು ಹೊತ್ತು, ಶ್ರಾವಿಕೆಯ ವ್ರತಗಳನ್ನು ಕೈಕೊಂಡು ಆಕೆ ಮನೆಯಲ್ಲಿ ನಿಂತಳು.

ಈ ಸಂದರ್ಭವನ್ನು ಕುರಿತು ಬರೆದವರಲ್ಲಿ ಬಹುಮಂದಿ ಅಕ್ಕತಂಗಿಯರಿಬ್ಬರನ್ನೂ ಒಂದೇ ಉಸಿರಿನಲ್ಲಿ ಹೊಗಳಿ ಮುಂದೆ ಸಾಗಿಬಿಡುವರು. ಒಬ್ಬಳದು ಪತಿಭಕ್ತಿ, ಮತ್ತೊಬ್ಬಳದು ಜಿನಭಕ್ತಿ ಎಂದು ಸಮಾಧಾನ ಹೇಳುವರು. ಇದು ನ್ಯಾಯವಾದ ವಿಮರ್ಶೆಯಲ್ಲ. ಜೈನಾಚಾರದ ದೃಷ್ಟಿಯಿಂದ ಈ ಎರಡು ಮಾರ್ಗಗಳು ಸಮಾನವಾದುವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಬೆಟ್ಟದಿಂದ ಬೀಳುವುದನ್ನೂ ಬೆಂಕಿಯಲ್ಲಿ ಬೀಳುವುದನ್ನೂ ಧರ್ಮವೆಂದು ಬಗೆಯುವುದು ಲೋಕಮೂಢತೆಯೆಂದು ಸ್ಪಷ್ಟವಾಗಿ ಎಣಿಸಲ್ಪಟ್ಟಿದೆ. ಆದುದರಿಂದ ಅತ್ತಿಮಬ್ಬೆಯು ಚಿತೆಯನ್ನೇರದೆ ಉಳಿದುದು ಕೇವಲ ಮಾತೃವಾತ್ಸಲ್ಯದಿಂದಾದ ಹಿಂಜರಿತವಲ್ಲ; ತಿಳಿದು ಮಾಡಿದ ಶಾಸ್ತ್ರಸಮ್ಮತವಾದ ನಿರ್ಧಾರ. ಕತ್ತಿಯ ಮನೆಗಳಲ್ಲಿ ಚಿತೆಯನ್ನೇರಿದವಳಿಗೆ ವೀರಮಾಸತಿಯ ಕಲ್ಲು ನೆಡುತ್ತಿದ್ದ ಕಾಲವದು. ಉಳಿದವಳಿಗೆ ಕಲ್ಲು ನೆಡುವ ವಾಡಿಕೆ ಇರಲಿಲ್ಲ. ಅಂತಹವಳೊಬ್ಬಳನ್ನು ಕಾವ್ಯದ ಎರಡು ತುದಿಗಳಲ್ಲಿಯೂ ನಿಲ್ಲಿಸಿದುದು ರನ್ನನ ದೊಡ್ಡತನ.

೩

ಇನ್ನು ಕಾವ್ಯದ ಒಡಲಿಗೆ ಬರುವುದಾದರೆ, ಅಜಿತಪುರಾಣದಲ್ಲಿ ತೀರ್ಥಂಕರನ ಕಥೆಯ ಜತೆಗೆ ಸಗರಚಕ್ರವರ್ತಿಯ ಕಥೆಯೂ ಹೆಣೆದುಕೊಂಡಿದೆ. ಜೈನಸಂಪ್ರದಾಯದಲ್ಲಿ ಈ ಕಥೆಯ ರೂಪವೇ ಬೇರೆ. ಸಗರನ ಪೂರ್ವಜನ್ಮದ ಗೆಳೆಯನಾದ ಮಣಿಕೇತುವೆಂಬ ದೇವನು ಅವನಿಗೆ ವೈರಾಗ್ಯವನ್ನುಂಟುಮಾಡಬೇಕೆಂದು ಬಗೆದು ಅವನ ಮಕ್ಕಳನ್ನು ಮಾಯೆಯಿಂದ ಬೂದಿಯಾದಂತೆ ತೋರಿಸುವನು. ಬಳಿಕ ಸತ್ತ ಮಗನನ್ನು ಹೊತ್ತುತಂದ ವೃದ್ಧಬ್ರಾಹ್ಮಣನಾಗಿ ಆಸ್ಥಾನಕ್ಕೆ ಬಂದು ಮೊರೆಯಿಡುವನು. ಸಗರನು ಮರಣವು ಎಲ್ಲರಿಗೂ ತಪ್ಪದೆಂದು ಅವನಿಗೆ ತತ್ತ್ವವನ್ನು ಹೇಳುವನು. ಹೇಳಿ ಮುಗಿಸಿದ ಮೇಲೆ ಸತ್ತವರು ತನ್ನ ಮಕ್ಕಳೇ ಎಂದು ಕೇಳುವನು. ಪರರಿಗೆ ಹೇಳಿದ ತತ್ತ್ವವು ತನಗೇ ತಿರುಗಿಬಂದಾಗ ಚಕ್ರವರ್ತಿಯು ರಾಜ್ಯವನ್ನು ಭಗೀರಥನಿಗೊಪ್ಪಿಸಿ ದೀಕ್ಷೆಯನ್ನು ವಹಿಸುವನು.

ಈ ಕಥೆಯನ್ನು ಹೇಳಿಸಿ ಕೇಳಿದವಳು ಯಾರೆಂಬುದನ್ನು ಮರೆಯಬಾರದು. ಕಾವ್ಯವನ್ನು ಮಾಡಿಸಿದವಳೇ ಅದರ ಮೊದಲನೆಯ ಶ್ರೋತೃ. ಆಕೆ ಚಿಕ್ಕಪ್ಪನನ್ನೂ ಗಂಡನನ್ನೂ ತಂಗಿಯನ್ನೂ ಕಳೆದುಕೊಂಡಿದ್ದವಳು. ಸಗರನಿಗೆ ಮರಣವಾರ್ತೆಯು ಮನೆಯಿಂದ ಹೊರಡುವ ದಾರಿಯಾಯಿತು. ಈಕೆಗೆ ಅದು ಮನೆಯೊಳಗೆ ನಿಲ್ಲುವ ಕಟ್ಟಳೆಯಾಯಿತು. ಸಗರನು ರಾಜ್ಯವನ್ನೊಪ್ಪಿಸಲು ಬೆಳೆದ ಭಗೀರಥನಿದ್ದನು. ಈಕೆಯ ಮುಂದೆ ಇದ್ದವನು ಇನ್ನೂ ಬೆಳೆಯಬೇಕಾದ ಅಣ್ಣಿಗ. ಹೀಗಿರುವುದರಿಂದ ಅಜಿತಪುರಾಣದಲ್ಲಿ ಎರಡು ಬಗೆಯ ಶಾಂತಿಗಳು ಎದುರುಬದುರಾಗಿ ನಿಂತಿವೆ ಎಂದು ಹೇಳಬೇಕಾಗುತ್ತದೆ. ಒಂದು, ಬಿಟ್ಟುಹೋದವನ ಶಾಂತಿ. ಅಲಂಕಾರಶಾಸ್ತ್ರದಲ್ಲಿ ಶಾಂತರಸವೆಂಬ ಹೆಸರಿನಿಂದ ಅದು ಪ್ರಸಿದ್ಧ. ಹೆಚ್ಚುಕಡಿಮೆ ರನ್ನನ ಕಾಲದಲ್ಲಿಯೇ ಕಾಶ್ಮೀರದಲ್ಲಿ ಅಭಿನವಗುಪ್ತನು ಅದನ್ನು ಎಲ್ಲ ರಸಗಳ ಮೂಲವೆಂದು ಪ್ರತಿಪಾದಿಸುತ್ತಿದ್ದನು. ಮತ್ತೊಂದು, ಬಿಡಲಾರದವರ ನಡುವೆ ಬಿಡದೆ ನಿಂತವಳ ಶಾಂತಿ. ಅದಕ್ಕೆ ಶಾಸ್ತ್ರದಲ್ಲಿ ರಸವೆಂಬ ಪದವಿಯಿಲ್ಲ. ಮೊದಲನೆಯದಕ್ಕೆ ರನ್ನನು ಹನ್ನೆರಡು ಆಶ್ವಾಸಗಳ ಕಥೆಯನ್ನು ಕೊಟ್ಟನು. ಎರಡನೆಯದಕ್ಕೆ ಪೀಠಿಕೆಯಲ್ಲಿಯೂ ಮುಗಿವಿನಲ್ಲಿಯೂ ಸ್ಥಾನವನ್ನು ಕೊಟ್ಟನು. ಪೋಷಕರ ಪ್ರಶಸ್ತಿಯನ್ನು ಹೇಳುವುದು ಚಂಪೂಕವಿಗಳ ರೂಢಿಯೇ ಆದರೂ, ಇಲ್ಲಿ ರೂಢಿಯು ಅರ್ಥಕ್ಕೆ ಸಹಾಯಕವಾಗಿ ಪರಿಣಮಿಸಿದೆ.

ಇದೇ ಕವಿಯ ಸಾಹಸಭೀಮವಿಜಯವನ್ನು, ಎಂದರೆ ಗದಾಯುದ್ಧವನ್ನು, ಇದರೊಡನೆ ಹೋಲಿಸಿದರೆ ವಿಷಯವು ಇನ್ನೂ ವಿಶದವಾಗುವುದು. ಅಲ್ಲಿ ಧೃತರಾಷ್ಟ್ರನೂ ಗಾಂಧಾರಿಯೂ ಅಳಿದುಳಿದ ಒಬ್ಬನೇ ಮಗನ ಬಳಿಗೆ ಬಂದು ಇನ್ನಾದರೂ ಸಂಧಿಯಾಗಲೆಂದು ಬೇಡುವರು. ದುರ್ಯೋಧನನು ಒಪ್ಪುವುದಿಲ್ಲ. ಮನೆ ಉರಿದುಹೋದ ಮೇಲೆ ಆಡಿದ ತಾಯಿಯ ಮಾತು ಎಷ್ಟು ಹಿತವಾಗಿದ್ದರೂ ನಿಷ್ಫಲವೆಂಬುದನ್ನು ಆ ಸನ್ನಿವೇಶವು ತೋರಿಸುತ್ತದೆ. ಗಾಂಧಾರಿಯ ತಾಯ್ತನದಲ್ಲಿ ಕೊರತೆಯೇನೂ ಇಲ್ಲ. ಅದಕ್ಕೆ ಕಾಲವು ಮೀರಿತ್ತು. ನೂರು ಮಕ್ಕಳ ತಾಯಿಯ ಮನೆ ನಿಲ್ಲಲಿಲ್ಲ. ಒಬ್ಬನೇ ಮಗನ ತಾಯಿಯ ಮನೆ ನಿಂತಿತು. ಒಂದೇ ಲೇಖನಿಯಿಂದ ಹೊರಟ ಈ ಎರಡು ಚಿತ್ರಗಳನ್ನು ಜತೆಯಾಗಿ ಪಾಠ ಹೇಳಿದರೆ ವಿದ್ಯಾರ್ಥಿಗಳಿಗೆ ರನ್ನನು ವೀರರಸದ ಕವಿಯೆಂಬ ಅರೆತಿಳಿವು ನೀಗುವುದು. ಆ ಕವಿಯು ತನ್ನ ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟುದನ್ನೂ ಇಲ್ಲಿ ನೆನೆಯಬಹುದು. ಪ್ರಶಸ್ತಿಯ ಪದ್ಯಗಳು ಸಂಭಾವನೆಗಾಗಿ ಹುಟ್ಟಬಹುದು. ಮಗಳನ್ನು ನಿತ್ಯವೂ ಕರೆಯುವ ಹೆಸರು ಹಾಗೆ ಹುಟ್ಟುವುದಿಲ್ಲ.

೪

ಕಾವ್ಯದ ಸಾಕ್ಷ್ಯಕ್ಕೆ ಶಾಸನದ ಸಾಕ್ಷ್ಯವನ್ನು ಕೂಡಿಸಬೇಕು. ಗದಗಿನಿಂದ ಮೂಡಲಿಗೆ ಸುಮಾರು ೧೧ ಕಿಲೋಮೀಟರುಗಳ ದೂರದಲ್ಲಿರುವ ಲಕ್ಕುಂಡಿಯೇ ಹಿಂದಿನ ಲೊಕ್ಕಿಗುಂಡಿ. ಅಲ್ಲಿ ಅತ್ತಿಮಬ್ಬೆಯು ಕಟ್ಟಿಸಿದ ಬಸದಿಯು ಬ್ರಹ್ಮಜಿನಾಲಯವೆಂಬ ಹೆಸರಿನಿಂದ ಇಂದಿಗೂ ನಿಂತಿದೆ. ಅಲ್ಲಿಯ ಶಕ ೯೨೯ರ, ಎಂದರೆ ಕ್ರಿ. ಶ. ೧೦೦೭ರ ಶಾಸನವು ಸತ್ಯಾಶ್ರಯ ಇರಿವಬೆಡಂಗನ ಆಳಿಕೆಯಲ್ಲಿ ಹುಟ್ಟಿದುದು. ಅಜಿತಪುರಾಣವು ಮುಗಿದುದು ೯೯೩ರಲ್ಲಿ. ಈ ಹದಿನಾಲ್ಕು ವರ್ಷಗಳಲ್ಲಿ ಮಗನು ಪಡೆವಳನಾಗಿದ್ದಾನೆ. ಶಾಸನದಲ್ಲಿ ಅವನ ಹೆಸರು ಪಡೆವಳ ತೈಲ. ತಾಯಿಯು ಇನ್ನೂ ದಾನಗಳನ್ನು ನಡೆಯಿಸುತ್ತಲೇ ಇದ್ದಾಳೆ.

ಈ ಶಾಸನದಲ್ಲಿ ಅತ್ತಿಮಬ್ಬೆಯ ಮಹಿಮೆಗಳೆಂದು ಕೆಲವು ಪವಾಡಗಳು ಹೇಳಲ್ಪಟ್ಟಿವೆ. ಉಕ್ಕಿಬಂದ ಗೋದಾವರಿಯು ಆಕೆಯಿಂದ ತಡೆದು ನಿಂತಿತು. ಮದವೇರಿದ ಆನೆಯು ಆಕೆಯ ಮುಂದೆ ತಣ್ಣಗಾಯಿತು. ಹಬ್ಬಿದ ಬೆಂಕಿಯು ಜಿನಗಂಧೋದಕದಿಂದ ಆರಿತು. ಬೆಳ್ಗೊಳದ ಬೆಟ್ಟದಲ್ಲಿ ಗೊಮ್ಮಟೇಶ್ವರನ ದರ್ಶನಕ್ಕೆಂದು ಏರಿ ಬಳಲಿದಾಗ ಅಕಾಲದ ಮಳೆ ಸುರಿದ ಸಂಗತಿಯೂ ಆಕೆಯ ಕೀರ್ತನೆಯಲ್ಲಿ ಸೇರಿದೆ. ಇತಿಹಾಸಜ್ಞರು ಇವನ್ನು ಅತಿಶಯೋಕ್ತಿಗಳೆಂದು ಬದಿಗಿಡುವರು. ಭಕ್ತರು ಹಾಗೆಯೇ ನಂಬುವರು. ಸಾಹಿತ್ಯವಿಮರ್ಶಕನು ಈ ಎರಡರಲ್ಲಿ ಯಾವುದನ್ನೂ ಮಾಡಬೇಕಾದುದಿಲ್ಲ. ಇವುಗಳ ಸಾಮಾನ್ಯಲಕ್ಷಣವೇನೆಂದು ಆತನು ಕೇಳಿದರೆ ಸಾಕು. ನೀರು, ಬೆಂಕಿ, ಮದಗಜ, ಬಿಸಿಲು, ಇವೆಲ್ಲವೂ ಕೆರಳಿದ ವಸ್ತುಗಳು. ಆಕೆಯಿಂದ ಆದುದು ಇವುಗಳ ನಾಶವಲ್ಲ, ಶಮನ. ಶತ್ರುವನ್ನು ಸುಟ್ಟ, ನಿಂದಕನ ಕಣ್ಣನ್ನು ಕಿತ್ತ ಪವಾಡವು ಈ ಪಟ್ಟಿಯಲ್ಲಿ ಕಾಣಿಸದು. ಆ ಕಾಲದ ಜನರು ಈಕೆಯನ್ನು ಕೆರಳಿದುದನ್ನು ತಣಿಸುವವಳೆಂದು ಕಂಡಿದ್ದರು. ಮನೆಯ ಒಳಗಣ ಗುಣವನ್ನೇ ಹೊರಲೋಕದ ಅಳತೆಗೆ ಹಿಗ್ಗಿಸಿ ಕಲ್ಲಿನಲ್ಲಿ ಬರೆಯಿಸಿದರು. ತಂದೆಯೂ ಚಿಕ್ಕಪ್ಪನೂ ಹೇಳಿಸಿದ ಗ್ರಂಥವನ್ನೇ ಆಯ್ದು ಸಾವಿರ ಪ್ರತಿಗಳನ್ನು ಆಕೆ ಮಾಡಿಸಿದಳೆಂದು ಪ್ರತೀತಿಯಿದೆಯಷ್ಟೆ. ಆ ಗ್ರಂಥವು ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಪುರಾಣವೆಂಬುದೂ ಆಲೋಚನೀಯ. ಪಡೆಗಳು ಹಾದುಹೋಗುವ ನಾಡಿನಲ್ಲಿ ಓಲೆಯ ಒಂದು ಕಟ್ಟು ಸುಟ್ಟರೆ ಒಂದು ಕಾವ್ಯವೇ ಹೋದಂತೆ. ತವರಿನ ಸೊತ್ತು ಸಾವಿರ ಮನೆಗಳಲ್ಲಿದ್ದರೆ ಅದು ಅಳಿಯದೆಂಬ ಗೃಹಿಣಿಯ ಜಾಗರೂಕತೆಯನ್ನು ಈ ಶಾಸ್ತ್ರದಾನದಲ್ಲಿ ಊಹಿಸಬಹುದು.

ಆ ಶಮನಕ್ಕೆ ಎಷ್ಟು ಬೆಲೆಯಿತ್ತೆಂಬುದನ್ನು ತಿಳಿಯಬೇಕಾದರೆ ಅದೇ ಶಕ ೯೨೯ರ ಮತ್ತೊಂದು ಶಾಸನವನ್ನು ನೋಡಬೇಕು. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದ ಹೊತ್ತೂರು ಲಕ್ಷ್ಮೇಶ್ವರದ ಸೀಮೆಯಿಂದ ಬಹುದೂರವೇನಲ್ಲ. ಚೋಳನು ಒಂಬತ್ತು ಲಕ್ಷ ದಂಡಿನೊಡನೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನೆಲ್ಲ ಸೂರೆಗೊಂಡನೆಂದೂ, ಹೆಂಗಸರು ಮಕ್ಕಳು ಬ್ರಾಹ್ಮಣರೆನ್ನದೆ ಕೊಲ್ಲಿಸಿದನೆಂದೂ, ಹೆಣ್ಣುಮಕ್ಕಳನ್ನು ಸೆರೆಹಿಡಿದನೆಂದೂ, ಕೊನೆಗೆ ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿದನೆಂದೂ ಆ ಶಾಸನವು ಹೇಳುತ್ತದೆ. ದಂಡಿನ ಸಂಖ್ಯೆಯು ಪ್ರಶಸ್ತಿಕಾರನದಾಗಿರಬಹುದು. ಗೆದ್ದವರ ಕಡೆಯ ಬರೆಹವೆಂಬುದನ್ನೂ ಮರೆಯಬೇಕಾಗಿಲ್ಲ. ಆದರೆ ಮನೆಗಳು ಒಡೆದುವೆಂಬುದನ್ನು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಒಂದೇ ವರ್ಷದ ಎರಡು ಕಲ್ಲುಗಳು: ಒಂದರಲ್ಲಿ ತಾಯಿಮಕ್ಕಳ ಕೊಲೆ, ಇನ್ನೊಂದರಲ್ಲಿ ಒಬ್ಬ ತಾಯಿಯ ಬಸದಿ. ಲಕ್ಕುಂಡಿಯ ಶಾಸನವನ್ನು ಓದುವಾಗ ಹೊತ್ತೂರಿನದನ್ನು ಮರೆತರೆ ಅತ್ತಿಮಬ್ಬೆಯು ಸುಭಿಕ್ಷಕಾಲದ ಸಿರಿವಂತೆಯಾಗಿ ಮಾತ್ರ ಕಾಣುವಳು.

೫

ದಾನವೂ ಮನೆಯೂ ಬೇರೆಬೇರೆಯಲ್ಲವೆಂಬುದಕ್ಕೆ ಶಾಸ್ತ್ರದ ಆಧಾರವೂ ಉಂಟು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬುದು ಚತುರ್ವಿಧದಾನಗಳ ಪ್ರಸಿದ್ಧವಾದ ಎಣಿಕೆ. ಸಮಂತಭದ್ರಾಚಾರ್ಯರು ಆಹಾರ, ಔಷಧ, ಉಪಕರಣ, ಆವಾಸ ಎಂದು ಎಣಿಸುವರು. ಅನ್ನ, ಮದ್ದು, ಇರಲು ಎಡೆ, ಅಂಜಿಕೆಯಿಲ್ಲದಿರುವಿಕೆ, ಇವು ತಾಯಿಯೊಬ್ಬಳು ಮನೆಯಲ್ಲಿ ದಿನವೂ ಕೊಡತಕ್ಕವೇ ಆಗಿವೆ. ಶ್ರಾವಕಾಚಾರವು ಅವನ್ನೇ ಮನೆಯ ಹೊಸ್ತಿಲಿನಿಂದಾಚೆಗೆ ನಡೆಯಿಸುವುದು. ಈ ನಾಡಿನ ಗೃಹಸ್ಥಧರ್ಮದ ಪರಂಪರೆಯು ಅತ್ತಿಮಬ್ಬೆಯಲ್ಲಿಗೇ ನಿಲ್ಲಲಿಲ್ಲ. ಗದಗಿನ ಸಮೀಪದ ಮುಳಗುಂದದಲ್ಲಿದ್ದ ನಯಸೇನನು ೧೧೧೨ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ವ್ರತಗಳು ಕಥೆಗಳಾಗಿ ಅಡಿಗೆಯ ಮನೆಯ ಕನ್ನಡಕ್ಕೆ ಇಳಿದುಬಂದಿವೆ.

ಅನ್ನದಾನವು ಕೆಟ್ಟಾಗ ಮನೆಯೂ ಹೇಗೆ ಕೆಡುವುದೆಂಬುದಕ್ಕೆ ಪ್ರತ್ಯುದಾಹರಣೆಯು ಲಕ್ಷ್ಮೇಶ್ವರದಲ್ಲಿಯೇ, ಎಂದರೆ ಹಿಂದಿನ ಪುಲಿಗೆರೆಯಲ್ಲಿಯೇ, ಸಿಕ್ಕುತ್ತದೆ. ಹರಿಹರನ ಆದಯ್ಯನ ರಗಳೆಗೂ ರಾಘವಾಂಕನ ಸೋಮನಾಥಚರಿತೆಗೂ ವಸ್ತುವಾದ ಕಥೆಯಿದು. ಸೌರಾಷ್ಟ್ರದಿಂದ ಬಂದ ಶೈವನಾದ ಆದಯ್ಯನು ಜೈನರ ಮಗಳಾದ ಪದ್ಮಾವತಿಯನ್ನು ಒಲಿದು ಮದುವೆಯಾಗಿ ಅಲ್ಲಿಯೇ ನೆಲಸುವನು. ಮಾಹೇಶ್ವರರಿಗೆಂದು ಮಾಡಿಸಿದ ಅಡಿಗೆಯು ಜೈನಮುನಿಗಳಿಗೆ ಬಡಿಸಲ್ಪಟ್ಟಿತೆಂಬ ಜಗಳವು ಬೆಳೆದು, ಸೋಮನಾಥನನ್ನು ತಂದು ಬಸದಿಯಲ್ಲಿ ನಿಲ್ಲಿಸುವೆನೆಂಬ ಪ್ರತಿಜ್ಞೆಯವರೆಗೆ ಮುಟ್ಟುವುದು. ಕವಿಗಳ ದೃಷ್ಟಿ ಸೋಮನಾಥನ ವಿಜಯದ ಮೇಲಿರುವುದು ಸಹಜ. ಆದರೆ ಊರಿನ ಮತಕಲಹಕ್ಕೆ ಕಿಡಿಯು ಒಂದು ಮನೆಯ ಪಂಕ್ತಿಯಲ್ಲಿ ಹುಟ್ಟಿತೆಂಬುದನ್ನೂ, ತವರಿನ ಧರ್ಮಕ್ಕೂ ಗಂಡನ ಧರ್ಮಕ್ಕೂ ನಡುವೆ ನಿಂತ ಪದ್ಮಾವತಿಯ ಮನಸ್ಸನ್ನೂ ವಿಮರ್ಶಕರು ಗಮನಿಸಬೇಕಾಗಿದೆ.

ಹೀಗೆ ಭಿನ್ನಧರ್ಮದ ಮನೆಯನ್ನು ಶಾಂತಿಯಿಂದ ನಡೆಯಿಸಿದ ತಾಯಿಯ ಚಿತ್ರವೊಂದು ಕ್ರೈಸ್ತರ ಪ್ರಾಚೀನವಾಙ್ಮಯದಲ್ಲಿ ದೊರೆಯುವುದರಿಂದ ಅದನ್ನಿಲ್ಲಿ ಹೋಲಿಸಿ ನೋಡುವುದು ಉಚಿತ. ಉತ್ತರ ಆಫ್ರಿಕೆಯ ತಗಾಸ್ತೆಯ ಮೋನಿಕಾ ಎಂಬವಳನ್ನು ಕಥೋಲಿಕರು ಸಂತಳೆಂದು ಪೂಜಿಸುವರು. ಆಕೆಯ ಮಗನಾದ ಸಂತ ಅಗಸ್ಟೀನನು ಸುಮಾರು ೪೦೦ರ ವೇಳೆಗೆ ಲ್ಯಾಟಿನ್ ಭಾಷೆಯಲ್ಲಿ ಬರೆದ ಆತ್ಮನಿವೇದನೆಯ ಗ್ರಂಥದ ಒಂಬತ್ತನೆಯ ಭಾಗದಲ್ಲಿ ತಾಯಿಯ ಗೃಹಕೃತ್ಯವನ್ನು ಬಣ್ಣಿಸಿದ್ದಾನೆ. ಗಂಡ ಪತ್ರೀಸಿಯನು ಅನ್ಯಧರ್ಮದವನು, ಮುಂಗೋಪಿ. ಅವನು ಸಿಟ್ಟಾಗಿದ್ದಾಗ ಆಕೆ ಎದುರಾಡಳು, ಸಿಟ್ಟಿಳಿದ ಮೇಲೆ ತನ್ನ ಕಾರಣವನ್ನು ತಿಳಿಸುವಳು. ದಾಸಿಯರ ಚಾಡಿಯಿಂದ ಮುನಿದಿದ್ದ ಅತ್ತೆಯನ್ನು ತಾಳ್ಮೆಯಿಂದ ಗೆದ್ದಳು. ಇಬ್ಬರು ಜಗಳವಾಡಿ ಒಬ್ಬರ ಮೇಲೊಬ್ಬರು ದೂರು ಹೇಳಿದರೆ, ಸಂಧಿಗೆ ಅನುಕೂಲವಾದ ಮಾತನ್ನು ಮಾತ್ರ ಈ ಕಡೆಯಿಂದ ಆ ಕಡೆಗೆ ಒಯ್ಯುವಳು. ಗಂಡನು ಕಡೆಗಾಲದಲ್ಲಿ ಆಕೆಯ ಧರ್ಮವನ್ನು ಸ್ವೀಕರಿಸಿದನು. ಮೋನಿಕಾ ೩೮೭ರಲ್ಲಿ ತೀರಿಕೊಂಡಳು. ರೋಮಿನ ಚಕ್ರಾಧಿಪತ್ಯವು ಕುಸಿಯುತ್ತಿದ್ದ ಕಾಲವದು; ಮಗನು ೪೩೦ರಲ್ಲಿ ಸಾಯುವಾಗ ಅವನ ಹಿಪ್ಪೊ ಪಟ್ಟಣವನ್ನು ವ್ಯಾಂಡಲರು ಮುತ್ತಿದ್ದರು. ಮನೆಯೂ ಒಂದು ಚಿಕ್ಕ ಧರ್ಮಸಭೆಯೇ ಎಂಬ ಭಾವನೆ ಕಥೋಲಿಕರಲ್ಲಿ ಹಳೆಯದು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೪ರಲ್ಲಿ ಅದನ್ನು ಮತ್ತೆ ಸ್ಪಷ್ಟವಾಗಿ ಸಾರಿತು. ಆ ಭಾವನೆಗೆ ಮೋನಿಕಾಳಿಗಿಂತ ಉತ್ತಮವಾದ ನಿದರ್ಶನವು ದೊರೆಯಲಾರದು.

ಈ ಹೋಲಿಕೆಯಿಂದ ರನ್ನನ ಗುಣವೂ ಕೊರತೆಯೂ ಕೂಡಿಯೇ ತಿಳಿಯುತ್ತವೆ. ಅಗಸ್ಟೀನನು ಮಗನಾದುದರಿಂದ ಒಲೆಯ ಬದಿಯಿಂದ ಬರೆದನು. ರನ್ನನು ಆಶ್ರಿತನಾದುದರಿಂದ ಬಾಗಿಲಿನಲ್ಲಿ ನಿಂತು ಬರೆದನು. ಅಲ್ಲಿ ಅತ್ತೆಸೊಸೆಯರ ಮುನಿಸೂ ದಾಸಿಯರ ಚಾಡಿಯೂ ಉಂಟು. ಇಲ್ಲಿ ಅಂತಹ ಒಂದು ವಿವರವೂ ಇಲ್ಲ. ಚಿತೆಯಿಂದ ಮನೆಗೆ ಮರಳಿದ ರಾತ್ರಿ ಮಗನಿಗೆ ಆಕೆ ಏನೆಂದಳು, ತಂಗಿಯ ಬಟ್ಟೆಬರೆಗಳನ್ನು ಏನು ಮಾಡಿದಳು, ಮಗನು ಮೊದಲ ಬಾರಿಗೆ ಕತ್ತಿಯನ್ನು ಕಟ್ಟಿದಂದು ಆಕೆಯ ಮನಸ್ಸು ಹೇಗಿತ್ತು ಎಂಬುದನ್ನು ಕವಿಯು ಹೇಳಲಿಲ್ಲ. ಅಣ್ಣಿಗನು ಕವಿಯಾಗಿದ್ದರೆ ಹೇಳುತ್ತಿದ್ದನೋ ಏನೋ.

೬

ಇನ್ನೊಂದು ಆಕ್ಷೇಪವನ್ನೂ ಮುಚ್ಚಿಡಲಾಗದು. ಈ ಶಾಂತಿಯ ಮನೆಯ ಸಂಪತ್ತು ಯುದ್ಧದಿಂದ ಬಂದುದು. ಧಲ್ಲಪ, ನಾಗದೇವ, ಪಡೆವಳ ತೈಲ, ಮೂರು ತಲೆಮಾರುಗಳೂ ಚಾಲುಕ್ಯರ ದಂಡಿನವರೇ. ಅವರು ನುಗ್ಗಿದ ನಾಡುಗಳಲ್ಲಿಯೂ ಮನೆಗಳು ಒಡೆದಿರಬೇಕು. ಅಲ್ಲಿಯ ತಾಯಂದಿರಿಗೆ ಹೊತ್ತೂರಿನಂತಹ ಶಾಸನವೂ ದಕ್ಕಿರಲಿಕ್ಕಿಲ್ಲ. ಅಹಿಂಸೆಯನ್ನು ಮೊದಲನೆಯ ಅಣುವ್ರತವಾಗಿ ಹಿಡಿದ ಶ್ರಾವಿಕೆಯು ಮಗನನ್ನು ಪಡೆವಳನನ್ನಾಗಿ ಬೆಳೆಯಿಸಿದುದು ಹೇಗೆ ಎಂದು ಕೇಳಬಹುದು. ಗೃಹಸ್ಥನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಬಿಟ್ಟರೆ ಸಾಕು, ನಾಡಿನ ರಕ್ಷಣೆಯಲ್ಲಿ ಬರುವ ಹಿಂಸೆಯು ಅವನಿಗೆ ಅನಿವಾರ್ಯವೆಂದು ಆಚಾರಗ್ರಂಥಗಳ ವ್ಯಾಖ್ಯಾನಕಾರರು ಉತ್ತರ ಕೊಡುವರು. ಈ ಉತ್ತರದಿಂದ ಶಾಸ್ತ್ರವು ಉಳಿಯುವುದು; ತಾಯಿಯ ಸಂಕಟವು ತೀರುವುದಿಲ್ಲ. ಆಕೆಯ ದಾನಗಳ ಅಳತೆಮೀರಿದ ಸಂಖ್ಯೆಯನ್ನು, ಸಾವಿರದೈನೂರು ಬಿಂಬಗಳನ್ನೂ ಸಾವಿರ ಪ್ರತಿಗಳನ್ನೂ, ಈ ಸಂಕಟದ ಬೆಳಕಿನಲ್ಲಿ ನೋಡಿದರೆ ಅವು ಬರಿಯ ವೈಭವವಾಗಿ ಕಾಣುವುದಿಲ್ಲ. ಕತ್ತಿಯಿಂದ ಬಂದುದನ್ನು ಮನೆಯಲ್ಲಿ ಹೆಚ್ಚುದಿನ ಉಳಿಯಗೊಡಬಾರದೆಂಬ ಆತುರವೂ ಆ ಕೊಡುಗೈಯಲ್ಲಿ ಇದ್ದಿರಬಹುದು. ಇದು ಊಹೆಯೇ, ಆದರೆ ಕಾವ್ಯಕ್ಕೂ ಶಾಸನಕ್ಕೂ ವಿರೋಧವಾದ ಊಹೆಯಲ್ಲ.

ಮೇಲಿನ ವಿವೇಚನೆಯಿಂದ ತೇಲುವ ಅರ್ಥವಿಷ್ಟು. ಅಜಿತಪುರಾಣವನ್ನು ತೀರ್ಥಂಕರಚರಿತ್ರೆಯೆಂದೂ ಅದರ ಮೊದಲುಕೊನೆಗಳನ್ನು ಪೋಷಕಪ್ರಶಸ್ತಿಯೆಂದೂ ಬೇರ್ಪಡಿಸಿ ಓದುವ ಪದ್ಧತಿಯಿಂದ ಕಾವ್ಯಕ್ಕೆ ನಷ್ಟವಾಗಿದೆ. ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಪ್ರಶಸ್ತಿಭಾಗವನ್ನು ಕವಿಕಾಲನಿರ್ಣಯಕ್ಕೆ ಸಾಮಗ್ರಿಯೆಂದು ಮಾತ್ರ ಬಳಸಿ ಬಿಟ್ಟುಬಿಡುವುದು ಸರಿಯಲ್ಲ. ಸಗರನ ನಿರ್ಗಮನದ ಮಗ್ಗುಲಲ್ಲಿ ಅತ್ತಿಮಬ್ಬೆಯ ನಿಲುಗಡೆಯನ್ನೂ, ಗಾಂಧಾರಿಯ ಮಾತಿನ ಮಗ್ಗುಲಲ್ಲಿ ಅಣ್ಣಿಗನ ತಾಯಿಯ ಮೌನವನ್ನೂ ಇಟ್ಟು ಓದಿಸಬೇಕು. ಹೊತ್ತೂರಿನ ಶಾಸನವನ್ನೂ ಅದೇ ಪಾಠದಲ್ಲಿ ಸೇರಿಸಬೇಕು. ಲಕ್ಕುಂಡಿಯ ಬಸದಿಯನ್ನು ನೋಡಲು ಗದಗಿನಿಂದ ಹೋಗುವ ವಿದ್ಯಾರ್ಥಿಗಳಿಗೆ ಅದರ ಕಂಬಗಳ ಕಡೆತವನ್ನು ತೋರಿಸುವುದರೊಡನೆ, ಅದನ್ನು ಕಟ್ಟಿಸಿದವಳು ಮೊದಲು ಒಂದು ಮನೆಯನ್ನು ಬೀಳದಂತೆ ಹಿಡಿದಿದ್ದವಳೆಂಬುದನ್ನೂ ಉಪಾಧ್ಯಾಯರು ಹೇಳಬೇಕು.